ಹದಿನಾಲ್ಕನೇ ಕಂಬ – ೭: ಎಡ ಅಂಗೈಯ ಗೆರೆ

"ಎಡಗೈ ನೋಡಿದ್ರಾ ಸಾರ್ಜೆಂಟ್?" ಎಂದು ಡಾಕ್ಟರಮ್ಮ ಕೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳು ನಾನು, ರೊಜೆಲ್ಡಾ ಬ್ಯೂಕೆಸ್. ಹೆಣದ ಒಂದು ಕೈ ನೋಡಿ ಇನ್ನೊಂದನ್ನು ಹಾಗೇ ಬಿಟ್ಟು ಬಂದಿದ್ದೆ.

ಆಕೆ ಬಿಳಿ ಬಟ್ಟೆಯ ಅಡಿಯಿಂದ ಫ್ರಿಕಿ ಲೌಬ್ಸರನ ಎಡಗೈ ಎಳೆದು ಅಂಗೈ ಮೇಲೆ ಮಾಡಿದರು. ನಡುವೆ ಅಡ್ಡಕ್ಕೆ ಬೆರಳಗಲದ ಒಂದು ಗೆರೆ ಇತ್ತು. ಅಂಚು ಬೂದು ಬಣ್ಣ, ನಡುವೆ ಕಪ್ಪು. ಕಾದ ಸರಳನ್ನು ಮುಷ್ಟಿಯಲ್ಲಿ ಹಿಡಿದವನ ಕೈಯಂತಿತ್ತು.

ಬಲಗೈಯ ತೋರುಬೆರಳು ಸುಟ್ಟದ್ದು ನಿನ್ನೆಯೇ ಗೊತ್ತಿತ್ತು. ಆ ಬೆರಳಿಗೆ ಮೆತ್ತಿದ ಜಿಡ್ಡನ್ನು ಮಾತ್ರ ಇವತ್ತು ನೋಡಿದೆ. ಮೂಸಿದೆ. ವ್ಯಾಸಲಿನ್.

"ಪಾದ?" ಅಂದೆ.

"ಪಾದದಲ್ಲಿ ಏನೂ ಇಲ್ಲ. ಬೆರಳಲ್ಲಿ ಹೊಕ್ಕಿದೆ, ಅಂಗೈಯಲ್ಲಿ ಹೊರಟಿದೆ. ಮಧ್ಯೆ ಸಿಕ್ಕಿದ್ದು ಎದೆ."

ನಿನ್ನೆ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಲೋಡ್ ಶೆಡ್ಡಿಂಗ್ ಶುರುವಾದ ಐದೇ ನಿಮಿಷದಲ್ಲಿ, ಸ್ಟೀನ್‌ಬಾಯ್ ಕ್ಯಾರವಾನ್ ಪಾರ್ಕಿನಲ್ಲಿ, ಜನ ವಾಸಿಸುವ ವ್ಯಾನುಗಳಿಗೆ ಕರೆಂಟು ಕೊಡುವ ಹದಿನಾಲ್ಕನೇ ಕಂಬದ ಬಳಿ, ಫ್ರಿಕಿ ತನ್ನ ವ್ಯಾನಿನ ಪಕ್ಕದಲ್ಲೇ ಬಿದ್ದು ಸತ್ತಿದ್ದ. ಪಾರ್ಕಿನ ಎಲೆಕ್ಟ್ರಿಷಿಯನ್ ಅಬ್ರಾಮ್ ಅಪೊಲ್ಲಿಸ್ ಆವಾಗಿನಿಂದ ನಮ್ಮ ಲಾಕಪ್ಪಿನಲ್ಲಿದ್ದರು.

ನಮ್ಮ ಕ್ಯಾಪ್ಟನ್ ನೀತ್ಲಿಂಗರ ಲೆಕ್ಕ ಸಲೀಸಾಗಿತ್ತು. ಕರೆಂಟ್ ಹೋದಾಗ ಅಬ್ರಾಮ್ ಆಫೀಸಿನ ಡೀಸೆಲ್ ಜನರೇಟರ್ ಹಾಕಿದರು. ಅವಸರದಲ್ಲಿ ಪಾರ್ಕಿನ ಲೈನು ಕಡಿಯುವ ಹಿಡಿಯನ್ನು ತಿರುಗಿಸಲು ಮರೆತರು. ಆ ಕರೆಂಟು ಕಂಬಗಳಿಗೆ ಹರಿದು, ವೈರು ಕೀಳುತ್ತಿದ್ದ ಫ್ರಿಕಿಗೆ ಹೊಡೆಯಿತು. ಸೋಮವಾರ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದೇ ಬಾಕಿ. ಐವತ್ತೆಂಟು ವರ್ಷದ ಮನುಷ್ಯ ಜೈಲಿಗೆ ಹೋದರೆ ಲೈಸೆನ್ಸೂ ಹೋಯಿತು, ಮರ್ಯಾದೆಯೂ ಹೋಯಿತು. ವಿಚಿತ್ರವೆಂದರೆ ಅವರು ನಿನ್ನೆಯಿಂದ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಗೋಡೆ ನೋಡುತ್ತ ಕೂತಿದ್ದರು.

ನನ್ನ ಮನೆಗೆ ವೈರಿಂಗ್ ಮಾಡಿದ ಮನುಷ್ಯ ಅವರು. ಒಂದು ಸ್ಕ್ರೂ ಸಡಿಲ ಬಿಡುವ ಜಾತಿಯಲ್ಲ. ಜನರೇಟರಿನ ಹಿಡಿ ಮರೆತರು ಎಂಬುದು ನನ್ನ ಗಂಟಲಲ್ಲಿ ಇಳಿದಿರಲಿಲ್ಲ. ಆದರೆ ಗಂಟಲಲ್ಲಿ ಇಳಿಯದ್ದನ್ನು ಕೋರ್ಟಿಗೆ ಹೇಳಲಾಗುತ್ತದೆಯೇ?

ಈಗ ಹೇಳುವುದಕ್ಕೆ ಒಂದು ಮಾತು ಸಿಕ್ಕಿತು. ಕಂಬದ ಕರೆಂಟು ಹೊಡೆದಿದ್ದರೆ ಪಾದದಿಂದ ನೆಲಕ್ಕೆ ಇಳಿಯಬೇಕಿತ್ತು. ಫ್ರಿಕಿ ಬರಿಗಾಲಲ್ಲಿ ಒದ್ದೆ ಮರಳ ಮೇಲೆ ನಿಂತಿದ್ದ. ಆದರೆ ಕರೆಂಟು ಎಡ ಅಂಗೈಯಿಂದ ಹೊರಟಿದೆ. ಎಡಗೈಯಲ್ಲಿ ಅವನು ಹಿಡಿದಿದ್ದೇನು? ವ್ಯಾನಿನ ಮೈಗೆ ಬೋಲ್ಟ್ ಹಾಕಿ ಕೂರಿಸಿದ, ಮೇಲೆ ಹತ್ತುವ ಕಬ್ಬಿಣದ ಏಣಿ. ಕರೆಂಟು ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗುತ್ತದೆ. ವ್ಯಾನಿಗೆ ವಾಪಸ್ ಹೋಗಿದೆ ಎಂದರೆ ವ್ಯಾನಿನಿಂದಲೇ ಹೊರಟಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಮಾತ್ರ ಡಾಕ್ಟರಮ್ಮ ಬೇಕಾದರು.

ಶವಾಗಾರದ ಮೆಟ್ಟಿಲ ಮೇಲಿಂದಲೇ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಪೊಲೀಸ್ ಕೆಲಸ ಬಿಟ್ಟು ಯಾವಾಗ ವಕೀಲಿಕೆ ಶುರು ಮಾಡಿದೆ ಎಂದು ಅವರು ಕುಟುಕಿದರು. ನಾನು ಪಾದದ ವಿಷಯ ಹೇಳಿದೆ, ಅಂಗೈ ಹೇಳಿದೆ, ಡಾಕ್ಟರಮ್ಮ ಬರೆದು ಕೊಡುತ್ತಾರೆ ಎಂದೂ ಹೇಳಿದೆ. ಕೊನೆಗೆ, ಊರು ಬಿಟ್ಟು ಹೋಗಬಾರದು ಎಂದು ಹೇಳಿ ಮುದುಕನನ್ನು ಕಳಿಸುತ್ತೇನೆ ಎಂದರು. ಕಾರಿನಲ್ಲಿ ಕೂತು ಒಬ್ಬಳೇ ನಕ್ಕೆ. ಆ ನಗು ಒಂದು ಗಂಟೆಯೂ ಬಾಳಲಿಲ್ಲ.

ಸ್ಟೀನ್‌ಬಾಯ್ ಪಾರ್ಕಿನಲ್ಲಿ ಕರೆಂಟು ಹೋದ ಕೂಡಲೇ ಎಲ್ಲ ವ್ಯಾನುಗಳ ಬಾಗಿಲುಗಳೂ ತೆರೆಯುತ್ತವೆ. ಮತ್ತೆ ಬರುವಾಗ ಕರೆಂಟು ಜೋರಾಗಿ ಬಂದು ಫ್ರಿಜ್ ಸುಡುತ್ತದೆ ಎಂದು ಜನ ಹೊರಗೆ ಬಂದು, ವ್ಯಾನಿನ ಪಕ್ಕೆಗೆ ಚುಚ್ಚಿದ ನೀಲಿ ಪ್ಲಗ್ಗನ್ನು ಕಿತ್ತು ಬಿಡುತ್ತಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಸಮುದ್ರದ ಉಪ್ಪು ಮಂಜಿಗೆ ಹಿತ್ತಾಳೆ ಪಿನ್ನು ಹಸಿರು ಹಿಡಿಯುತ್ತದೆ ಎಂದು, ಬೆರಳ ತುದಿಯಲ್ಲಿ ಒಂದಿಷ್ಟು ವ್ಯಾಸಲಿನ್ ತೆಗೆದು ವ್ಯಾನಿನ ಪಿನ್ನುಗಳಿಗೆ ಸವರುತ್ತಾರೆ. ಬೇರೆ ಊರಿನವರು ನೋಡಿದರೆ ಬೆಚ್ಚಿ ಬೀಳುತ್ತಾರೆ. ನಮ್ಮವರು ಕರೆಂಟೇ ಇಲ್ಲವಲ್ಲ, ಏನಾಗುತ್ತೆ ಅನ್ನುತ್ತಾರೆ. ನನ್ನ ಅಮ್ಮ ಸಾಯುವ ತನಕ ಹೀಗೇ ಸವರುತ್ತಿದ್ದಳು.

ಹದಿನಾಲ್ಕನೇ ಕಂಬದ ಬಳಿ ನಿಂತು ನಾನು ನಿನ್ನೆ ನೋಡದ್ದನ್ನು ನೋಡಿದೆ. ಮರಳ ಮೇಲೆ ಬಿದ್ದಿದ್ದ ವೈರಿನ ತಲೆಯಲ್ಲಿ ಬರೀ ತೂತುಗಳು, ಬೆರಳು ಹೋಗುವಂತಿಲ್ಲ. ವ್ಯಾನಿನ ಪಕ್ಕೆಯ ಮುಚ್ಚಳ ಎತ್ತಿದೆ. ಮೂರು ಪಿನ್ನು. ಮೂರಕ್ಕೂ ವ್ಯಾಸಲಿನ್ ಇತ್ತು. ಒಂದರ ತುದಿ ಮಾತ್ರ ಕಪ್ಪಾಗಿತ್ತು.

ಇಷ್ಟು ಹತ್ತಿರ ಇದ್ದದ್ದನ್ನು ನಾವು ಆರು ಜನ ಪೊಲೀಸರು ನೋಡಿರಲಿಲ್ಲ. ಎಲ್ಲರೂ ನೆಲದ ವೈರು ನೋಡುತ್ತ ನಿಂತಿದ್ದೆವು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಒಳಗೆ ಬಾ ಮಗಳೇ, ಗಾಳಿ ಜಾಸ್ತಿ" ಎಂದು ಬಾಗಿಲಿನಿಂದ ಹೆಸ್ಟರ್ ಕರೆದರು.

ಫ್ರಿಕಿಯ ಹೆಂಡತಿ ಹೆಸ್ಟರ್. ಅರವತ್ತಾರು ವರ್ಷ. ಊರಿಗೆಲ್ಲ ಟಾನಿ ಹೆಸ್ಟರ್; ನಮ್ಮಲ್ಲಿ ಹಿರಿಯ ಹೆಂಗಸರನ್ನು ಟಾನಿ ಎಂದೇ ಕರೆಯುವುದು, ಗಂಡಸರನ್ನು ಊಮ್. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಪೇರಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಹಳೆಯ ಬ್ರೆಡ್ ವ್ಯಾನೊಂದನ್ನು ಕೊಂಡು, ಎರಡು ವರ್ಷ ತಾನೇ ಕೂತು ಅದನ್ನು ಮನೆ ಮಾಡಿದ್ದರು. ಹಾಸಿಗೆ, ಒಲೆ, ನೀರು, ವೈರಿಂಗ್ ಎಲ್ಲ ಆಕೆಯದೇ ಕೈ. ಫ್ರಿಕಿಗೆ ಬಲ್ಬು ಬದಲಾಯಿಸುವುದೂ ಬರುತ್ತಿರಲಿಲ್ಲ ಎಂದು ಪಾರ್ಕೆಲ್ಲ ನಗುತ್ತಿತ್ತು. ಗಂಡ ಸತ್ತ ಹೊತ್ತಿನಿಂದ ಆಕೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನನ್ನ ಮುಂದೆ ಕಾಫಿ, ಎರಡು ರಸ್ಕ್ ಇಟ್ಟರು.

ನಾನು ರಸ್ಕ್ ಮುಟ್ಟದೆ ವಿಷಯಕ್ಕೆ ಬಂದೆ. ವ್ಯಾನಿನ ಇನ್ವರ್ಟರ್ ಪೆಟ್ಟಿಗೆ ತೆರೆದು ತೋರಿಸಬೇಕು ಎಂದೆ. ಆಕೆ ಯಾಕೆ ಎಂದು ಕೇಳಲಿಲ್ಲ. ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು, ಬೆಂಚಿನ ಕೆಳಗಿನ ಹಲಗೆ ಬಿಚ್ಚಿ, ಮೊಣಕಾಲೂರಿ ಕೂತರು.

ಕೂತವರು ಹಾಗೇ ಉಳಿದರು.

"ಏನಾಯ್ತು ಟಾನಿ?"

"ಇದು ನನ್ನ ಕೆಲಸ ಅಲ್ಲ." ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ಯಾರೋ ತಂತಿ ಬದಲಾಯಿಸಿದಾರೆ."

ಹಲಗೆಯ ಒಳಮೈಗೆ ಆಕೆಯೇ ಬರೆದು ಅಂಟಿಸಿದ ನಕ್ಷೆ ಇತ್ತು. ಅದರ ಮೇಲೆ ಬೆರಳಿಟ್ಟು, ಮಗುವಿಗೆ ಪಾಠ ಹೇಳುವ ಹಾಗೆ ನನಗೆ ಬಿಡಿಸಿ ಹೇಳಿದರು.

"ಕಂಬದಿಂದ ಕರೆಂಟ್ ಬಂದ್ರೆ ಈ ಪೆಟ್ಟಿಗೆ ತಗೊಂಡು ಬ್ಯಾಟರಿ ತುಂಬುತ್ತೆ, ಮಿಕ್ಕಿದ್ದನ್ನ ಸಾಕೆಟ್‌ಗೆ ಬಿಡುತ್ತೆ. ಕಂಬದ್ದು ಹೋದ್ರೆ ಒಲೆ ಹತ್ರದ ಸ್ವಿಚ್ ಹಾಕಬೇಕು, ಆಗ ಬ್ಯಾಟರಿಯಿಂದ ಇದೇ ಕರೆಂಟ್ ಮಾಡಿ ಕೊಡುತ್ತೆ. ಬರೋ ದಾರಿ ಬೇರೆ, ಹೋಗೋ ದಾರಿ ಬೇರೆ. ಹೊರಗಿನ ಪ್ಲಗ್‌ನ ತಂತಿ ಬರೋ ದಾರೀಲಿತ್ತು. ಅದನ್ನ ಕಿತ್ತು ಹೋಗೋ ದಾರಿಗೆ ಕಟ್ಟಿದಾರೆ."

"ಕಟ್ಟಿದ್ರೆ?"

"ಒಳಗೆ ಸ್ವಿಚ್ ಹಾಕಿದ ತಕ್ಷಣ ಹೊರಗಿನ ಪಿನ್ನಿಗೆ ಇನ್ನೂರ ಮೂವತ್ತು ವೋಲ್ಟ್."

ಕರೆಂಟು ಸೋರಿದರೆ ತಾನೇ ಆಫ್ ಆಗುವ ಲೀಕೇಜ್ ಸ್ವಿಚ್ ಯಾಕೆ ಬೀಳಲಿಲ್ಲ ಎಂದು ಕೇಳಿದೆ. ತಂತಿಯನ್ನು ಅದಕ್ಕಿಂತ ಮೊದಲೇ ಸೇರಿಸಿದ್ದಾರೆ, ಅದರ ಕಣ್ಣಿಗೇ ಬೀಳುವುದಿಲ್ಲ ಎಂದರು. ವ್ಯಾನಿನ ಮೈಯನ್ನೂ ಪೆಟ್ಟಿಗೆಗೆ ಕಟ್ಟಿರುತ್ತಾರಂತೆ. ಒಂದು ಕೈ ಪಿನ್ನಿನ ಮೇಲೆ, ಇನ್ನೊಂದು ಏಣಿಯ ಮೇಲೆ ಇದ್ದರೆ ಮುಗಿಯಿತು. ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿತ್ತು: ಹೊರಗಿನ ತಂತಿ ಎಂದೂ ಇಲ್ಲಿಗೆ ಬರಕೂಡದು, ಪಿನ್ನು ಮುಟ್ಟಿದವರು ಸಾಯುತ್ತಾರೆ.

ಕೊಲ್ಲುವ ದಾರಿಯನ್ನು ಆಕೆಯೇ ಅಂದವಾಗಿ ಬರೆದು ಅಂಟಿಸಿಟ್ಟಿದ್ದರು.

ನಿನ್ನೆ ಎರಡು ಗಂಟೆಗೆ ಏನಾಯಿತೆಂದು ಮತ್ತೆ ಮೊದಲಿನಿಂದ ಹೇಳಿಸಿದೆ. ಕರೆಂಟ್ ಹೋಯಿತು. ಹೆಸ್ಟರ್ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರು. ನೀವೇ ಹೋಗಿ ಪ್ಲಗ್ ಕಿತ್ತು ಬನ್ನಿ ಎಂದು ಗಂಡನಿಗೆ ಹೇಳಿದರು. ಅವನು ಹೋದ ಮೇಲೆ ಕೆಟಲ್‌ಗೆಂದು ಆಕೆ ಮೊಣಕೈಯಿಂದ ಸ್ವಿಚ್ ಒತ್ತಿದರು. ಹೊರಗೆ ಧೊಪ್ಪೆಂದು ಸದ್ದಾಯಿತು.

"ದಿನಾ ಪ್ಲಗ್ ಕೀಳೋದು ಅವರೇನಾ?"

ಆಕೆ ಇಲ್ಲವೆಂದು ತಲೆಯಾಡಿಸಿದರು. "ದಿನಾ ನಾನು. ಅವರು ಒಳಗೆ ಸ್ವಿಚ್ ಹಾಕೋರು. ನಿನ್ನೆ ಒಂದಿನ ಉಲ್ಟಾ ಆಯ್ತು."

ಇದು ಫ್ರಿಕಿಗೆ ಇಟ್ಟದ್ದಲ್ಲ. ಪಿನ್ನಿಗೆ ವ್ಯಾಸಲಿನ್ ಸವರುವ ಬೆರಳು ದಿನವೂ ಹೆಸ್ಟರದು; ಈ ಮುದುಕಿಯನ್ನೇ ಯಾರೋ ಕೊಲ್ಲಲು ಹೊರಟಿದ್ದರು. ಬಾಯಿ ಬಿಟ್ಟು ಹಾಗೇ ಹೇಳಿಬಿಟ್ಟೆ. ಆಕೆ ನನ್ನನ್ನು ನೋಡಲಿಲ್ಲ, ನಕ್ಷೆ ನೋಡುತ್ತಿದ್ದರು.

ಗುರುವಾರ ರಾತ್ರಿಯ ಲೋಡ್ ಶೆಡ್ಡಿಂಗಿನಲ್ಲಿ ಆಕೆಯೇ ಪಿನ್ನು ಮುಟ್ಟಿದ್ದರು, ಏನೂ ಆಗಿರಲಿಲ್ಲ. ಹಾಗಾದರೆ ತಂತಿ ಬದಲಾದದ್ದು ನಿನ್ನೆ ಬೆಳಿಗ್ಗೆ. ಬೆಳಿಗ್ಗೆ ಯಾರು ಬಂದಿದ್ದರು ಎಂದು ಕೇಳಿದೆ. ಗೊತ್ತಿಲ್ಲ, ಒಂಬತ್ತರಿಂದ ನಾನು ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಇದ್ದೆ ಎಂದರು. ಹೇಳುತ್ತಲೇ ಹಲಗೆಯನ್ನು ಎತ್ತಿ ಮುಚ್ಚಲು ಹೋದರು.

ನಾನು ಹಲಗೆ ಹಿಡಿದುಕೊಂಡು ಟಾರ್ಚ್ ಹಾಕಿದೆ. ಬದಲಾಯಿಸಿದ ತಂತಿಯ ಸ್ಕ್ರೂ ಮೇಲೆ ಕೆಂಪು ಬಣ್ಣದ ಸಣ್ಣ ಚುಕ್ಕೆ ಇತ್ತು. ಉಗುರು ಬಣ್ಣ.

ಸ್ಕ್ರೂ ಬಿಗಿ ಮಾಡಿ ಮೇಲೆ ತಮ್ಮ ಹೆಂಡತಿಯ ಉಗುರು ಬಣ್ಣದ ಒಂದು ತೊಟ್ಟು ಹಾಕುವವರು ಈ ಕರಾವಳಿಯಲ್ಲಿ ಒಬ್ಬರೇ. ಸಡಿಲವಾದರೆ ಬಣ್ಣ ಒಡೆದು ತಾನೇ ಹೇಳುತ್ತದೆ ಎನ್ನುತ್ತಾರೆ. ನನ್ನ ಮನೆಯ ಪ್ರತಿ ಸ್ವಿಚ್ಚಿನ ಹಿಂದೆಯೂ ಆ ಚುಕ್ಕೆ ಇದೆ. ಊಮ್ ಅಬ್ರಾಮ್. ಬೆಳಿಗ್ಗೆಯಿಂದ ಓಡಾಡಿ, ಕ್ಯಾಪ್ಟನ್ ಹತ್ತಿರ ಬೈಸಿಕೊಂಡು, ನಾನೇ ಬಿಡಿಸಿದ ಮನುಷ್ಯ. ಕಂಬದಿಂದಲ್ಲ, ವ್ಯಾನಿನಿಂದಲೇ ಎಂದು ತೋರಿಸಿ ಅವರನ್ನು ಬಿಡಿಸಿದೆ. ಅದೇ ಮಾತು ಈಗ ಅವರ ಕೊರಳಿಗೆ ಬಂದಿತ್ತು.

ಕ್ಯಾಪ್ಟನ್‌ಗೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದಾಯಿತು.

ಅಬ್ರಾಮ್ ಅವರೇ. ಲಾಕಪ್ಪಿನಲ್ಲಿ ಮಲಗಿದ ಅದೇ ಶರ್ಟು, ಮುದುರಿಹೋಗಿತ್ತು. ಟೋಪಿ ಕೈಯಲ್ಲಿ. ನನ್ನನ್ನು ನೋಡಿ ಬೆಚ್ಚಿದರು. ಆಮೇಲೆ ತೆರೆದ ಹಲಗೆ ನೋಡಿದರು.

"ಊಮ್ ಅಬ್ರಾಮ್," ಅಂದೆ, "ಆ ಕೆಂಪು ಚುಕ್ಕೆ ಯಾರದು?"

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಂದೇ."

"ಬೇಡ ಅಬ್ರಾಮ್, ಸುಮ್ನಿರು" ಎಂದರು ಹೆಸ್ಟರ್. ಆಕೆ ಯಾಕೆ ತಡೆದರೆಂದು ನನಗೆ ಆಗ ಹೊಳೆಯಲೇ ಇಲ್ಲ. ಅಷ್ಟು ಸಿಟ್ಟು ಬಂದಿತ್ತು. ಒಂದು ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಿರಲ್ಲ, ನಿಮಗಾಗಿ ನಾನು ನಾಯಿಯ ಹಾಗೆ ಸುತ್ತಿದೆನಲ್ಲ ಎಂದು ಬೈದೆ. ಈಗ ನಿಜ ಹೇಳದಿದ್ದರೆ ಸೋಮವಾರ ಮರೆವಿನ ಕೇಸಲ್ಲ, ಕೊಲೆ ಕೇಸು ಎಂದೂ ಹೇಳಿದೆ.

ಆ ಮಾತಿಗೆ ಅವರ ಬಣ್ಣ ಇಳಿಯಿತು. ಮೆಟ್ಟಿಲ ಮೇಲೆ ಕುಸಿದು ಕೂತು, ಟೋಪಿ ಹಿಂಡುತ್ತ ಹೇಳತೊಡಗಿದರು.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಫ್ರಿಕಿ ಕರೆದಿದ್ದ. ಪಾರ್ಕಿನ ಈ ಕೊನೆಯಲ್ಲಿ ಕರೆಂಟು ಸಣ್ಣಗೆ ಬರುತ್ತದೆ, ಇನ್ವರ್ಟರ್ ಅದನ್ನು ಒಪ್ಪದೆ ಕೂಗುತ್ತದೆ, ಪೆಟ್ಟಿಗೆ ತಪ್ಪಿಸಿ ಹೊರಗಿನ ತಂತಿಯನ್ನು ನೇರ ಸಾಕೆಟ್ ಕಡೆಗೆ ಕೊಡು ಎಂದ. ನಕ್ಷೆ ಹಿಡಿದು, ಯಾವ ತಂತಿ ಎಲ್ಲಿಗೆ ಎಂದು ತಾನೇ ತೋರಿಸಿದ. ಅಬ್ರಾಮ್‌ಗೆ ಅದು ಹೊಸ ಕೆಲಸವಲ್ಲ. ಊರಿನ ನಲವತ್ತು ಮನೆಗಳಿಗೆ ಜನರೇಟರನ್ನು ಅವರು ಹೀಗೇ ಕಟ್ಟಿಕೊಟ್ಟಿದ್ದಾರೆ. ಮನೆಯಲ್ಲಿ ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಜನರೇಟರ್ ಹಾಕುತ್ತಾರೆ. ಹೊರಗೆ ಮುಟ್ಟುವಂಥ ಪಿನ್ನು ಇರುವುದಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಬಣ್ಣದ ಚುಕ್ಕೆ ಹಾಕಿದ ಮೇಲೆ ಕಣ್ಣು ಕೆಂಪು ಅಕ್ಷರದ ಮೇಲೆ ಬಿತ್ತು.

"ನಾನು ಕೇಳ್ದೆ, ಹಾಗಾದ್ರೆ ಸ್ವಿಚ್ ಹಾಕಿದಾಗ ಪಿನ್ನು ಮುಟ್ಟಿದ್ರೆ ಗತಿ ಏನು ಅಂತ. ಅವರು ನಕ್ಕರು. 'ಪಿನ್ನು ಮುಟ್ಟೋಳು ಹೆಸ್ಟರ್, ನಾನಲ್ಲ' ಅಂದ್ರು."

ಬಲ್ಬು ಬದಲಾಯಿಸಲು ಬಾರದವನೆಂದು ಪಾರ್ಕೆಲ್ಲ ನಕ್ಕ ಫ್ರಿಕಿ, ಹೆಂಡತಿಯ ನಕ್ಷೆಯನ್ನೇ ಓದಿ ಹೆಂಡತಿಯ ಸಾವಿಗೆ ಹೊಂಚು ಹಾಕಿದ್ದ. ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗಂಡ. ನನಗೆ ಕೇಳಿಯೂ ಕೇಳದ ಹಾಗಾಯಿತು.

"ಆದರೆ ಅವರೇ ಹೋಗಿ ಮುಟ್ಟಿದ್ರಲ್ಲ, ಊಮ್."

"ಸ್ವಿಚ್ ಆಫ್ ಇದ್ರೆ ಪಿನ್ನಲ್ಲಿ ಏನೂ ಇರಲ್ಲ, ಸಾರ್ಜೆಂಟ್. ಅದು ಅವರಿಗೆ ಗೊತ್ತು. ಸ್ವಿಚ್ ಹಾಕೋದು ದಿನಾ ಅವರ ಕೆಲಸ. ತಾನು ಹೊರಗಿದ್ದಾಗ ಒಳಗೆ ಯಾರು ಹಾಕ್ತಾರೆ ಅಂದ್ಕೊಂಡಿರಬೇಕು."

ತಾನೇ ತೋಡಿದ ಗುಂಡಿಗೆ ತಾನೇ ಬಿದ್ದ. ಅಬ್ರಾಮ್ ಕಟ್ಟಿದ್ದು ಅವನು ಹೇಳಿದ್ದಕ್ಕೆ, ಹೆಸ್ಟರ್ ಒತ್ತಿದ್ದು ಕಾಫಿಗೆ. ಹಾಗಿದ್ದರೆ ಇದರಲ್ಲಿ ಬದುಕಿರುವ ಕೊಲೆಗಾರನೇ ಇಲ್ಲ. ನನ್ನ ಸಿಟ್ಟು ಇಳಿಯುತ್ತಿತ್ತು. ಆದರೂ ಒಂದು ಪ್ರಶ್ನೆ ಉಳಿದಿತ್ತು, ಕೇಳದೆ ಬಿಡುವುದು ನನ್ನ ಕೆಲಸಕ್ಕೆ ತಕ್ಕದ್ದಲ್ಲ. ಅಪಾಯ ಗೊತ್ತಾದ ಮೇಲೂ ಹಾಗೇ ಎದ್ದು ಹೋದಿರಾ, ಒಂದು ಜೀವದ ವಿಷಯ ಅಲ್ಲವೇ ಎಂದು ಕೇಳಿದೆ. ಇದಕ್ಕೆ ಉತ್ತರ ಕೊಡದಿದ್ದರೆ ಜೈಲು ತಪ್ಪುವುದಿಲ್ಲ ಎಂದೂ ಸೇರಿಸಿದೆ.

ಆ ಮನುಷ್ಯನಿಗೆ ನೋವಾಯಿತು. ತಲೆ ಎತ್ತಿದರು.

"ಸುಮ್ನೆ ಹೋಗ್ಲಿಲ್ಲ. ಗೇಟಿನ ತನಕ ಹೋದೆ, ಕಾಲು ಬರಲಿಲ್ಲ. ಹನ್ನೆರಡಕ್ಕೆ ವಾಪಸ್ ಬಂದು, ಒಗೆಯೋ ಕಟ್ಟೆ ಹತ್ರ ಟಾನಿಗೆ ಎಲ್ಲ ಹೇಳ್ದೆ. ತಂತಿ ಹ್ಯಾಗಿದೆ, ಅವರು ಏನಂದ್ರು, ಎಲ್ಲ. ಪಿನ್ನು ಮುಟ್ಟಬೇಡಿ ಟಾನಿ ಅಂತ ಕೈ ಮುಗಿದು ಹೇಳ್ದೆ."

ಹನ್ನೆರಡಕ್ಕೆ. ಫ್ರಿಕಿ ಸತ್ತದ್ದು ಎರಡಕ್ಕೆ.

ನಾನು ಹೆಸ್ಟರ್ ಕಡೆ ತಿರುಗಿದೆ. ಆಕೆ ಒಲೆಯ ಪಕ್ಕ ನಿಂತಿದ್ದರು. ಸ್ವಿಚ್ಚು ಆಕೆಯ ಮೊಣಕೈಯ ಎತ್ತರಕ್ಕೇ ಇತ್ತು. ಅದರ ಮೇಲಿನ ಕಿಟಕಿಯಿಂದ ಹೊರಗಿನ ಏಣಿ, ಏಣಿಯ ಕೆಳಗಿನ ಪ್ಲಗ್ಗಿನ ಮುಚ್ಚಳ ಎರಡೂ ಕಾಣುತ್ತಿದ್ದವು. ಅಲ್ಲಿ ನಿಂತವರಿಗೆ ಹೊರಗಿದ್ದವರ ಬೆರಳು ಯಾವಾಗ ಎಲ್ಲಿದೆ ಎಂದು ತಿಳಿಯುತ್ತದೆ.

"ಟಾನಿ, ಇವರು ನಿಮಗೆ ಹೇಳಿದ್ರಾ?"

ಆಕೆ ಕೈಯನ್ನು ಏಪ್ರನ್ನಿಗೆ ನಿಧಾನವಾಗಿ ಒರೆಸಿಕೊಂಡರು.

"ಇಲ್ಲ," ಎಂದರು. "ಇವನು ನನ್ನ ಹತ್ರ ಬರಲೇ ಇಲ್ಲ."

ಅಬ್ರಾಮ್ ಆಕೆಯನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಕಪಾಳಕ್ಕೆ ಹೊಡೆಸಿಕೊಂಡವರ ಮುಖ ಅದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಹೆಸ್ಟರ್ ಸುಳ್ಳಾದರೆ ಆಕೆ ಕೊಲೆಗಾರ್ತಿ. ಅಬ್ರಾಮ್ ಸುಳ್ಳಾದರೆ, ಒಬ್ಬ ಮುದುಕಿ ಸಾಯಲಿ ಎಂದು ತಿಳಿದೂ ಎದ್ದು ಹೋದ ಪಾಪಿ. ಅಬ್ರಾಮ್ ಈಗ ಕಿರುಚುತ್ತಾರೆ, ಕಟ್ಟೆಯ ಬಳಿ ಅವರನ್ನು ನೋಡಿದವರ ಹೆಸರು ಹೇಳುತ್ತಾರೆ ಎಂದು ಕಾದೆ. ಒಂದೇ ಒಂದು ಹೆಸರು ಸಾಕಿತ್ತು ನನಗೆ.

ಅವರು ಎದ್ದು ಟೋಪಿಯನ್ನು ಬೆಂಚಿನ ಮೇಲಿಟ್ಟರು. ಎರಡೂ ಕೈಗಳನ್ನು ಜೋಡಿಸಿ ನನ್ನ ಮುಂದೆ ಚಾಚಿದರು. ನಿನ್ನೆಯಿಂದ ಅವರು ಬಾಯಿ ಬಿಡದೆ ಕೂತದ್ದು ಯಾರಿಗಾಗಿ ಎಂದು ನನಗೆ ಆಗ ಹೊಳೆಯಿತು.

"ಟಾನಿ ಹೇಳಿದ್ದೇ ನಿಜ ಸಾರ್ಜೆಂಟ್. ನಾನು ಹೇಳ್ಲಿಲ್ಲ. ಕರ್ಕೊಂಡು ಹೋಗಿ ನನ್ನ."

ಗಂಡನ ಹೆಣದ ಮುಂದೆ ಕಣ್ಣು ಒದ್ದೆ ಮಾಡದ ಹೆಸ್ಟರ್ ಲೌಬ್ಸರ್, ಅಬ್ರಾಮ್ ಅಪೊಲ್ಲಿಸರ ಆ ಎರಡು ಕೈ ನೋಡಿ ಹೋ ಎಂದು ಅತ್ತರು.